ವಾಸಿಯಾದವರ ವಿಳಾಸ

ವೇದಿಕೆಯ ನಡುವೆ ಕುಳಿತಿರುವ ಮಾನ್ಯ ಅಧ್ಯಕ್ಷರೇ, ಇಷ್ಟು ಚಳಿಯಲ್ಲೂ ಬಿಡುವು ಮಾಡಿಕೊಂಡು ಬಂದಿರುವ ಅತಿಥಿಗಳೇ, ನಮ್ಮ ಆಸ್ಪತ್ರೆಯ ಮುಖ್ಯ ವೈದ್ಯರೇ, ಡಾಕ್ಟರ್ ಐಚುರೋಕ್ ಅವರೇ, ದಾದಿಯರೇ, ಹಿಂದಿನ ಸಾಲುಗಳಲ್ಲಿ ಕೋಟು ಬಿಚ್ಚದೆ ಕುಳಿತಿರುವ ನನ್ನ ವಾರ್ಡಿನ ಬಂಧುಗಳೇ, ಅವರ ಕೈಹಿಡಿದು ಕರೆತಂದಿರುವ ಮನೆಯವರೇ, ಎಲ್ಲ ಸಭಿಕರೇ,

ದೂರದ ಊರಿನ ರೋಗಿಗಳಿಗಾಗಿ ನಡೆಯುತ್ತಿರುವ ನಮ್ಮ ವಸತಿಗೃಹದ ಈ ವಾರ್ಷಿಕೋತ್ಸವದಲ್ಲಿ ನಾಲ್ಕು ಮಾತು ಆಡಬೇಕೆಂದು ಸಮಿತಿಯವರು ನನಗೆ ಅಪ್ಪಣೆ ಕೊಟ್ಟಿದ್ದಾರೆ. ನನಗಿಂತ ಮೊದಲು ಮಾತನಾಡಿದವರು ಪರದೆಯ ಮೇಲೆ ಗೆರೆಗಳನ್ನು ತೋರಿಸಿದರು. ಏರುವ ಗೆರೆ ಒಳ್ಳೆಯದು, ಇಳಿಯುವ ಗೆರೆ ಕೆಟ್ಟದ್ದು ಎಂದು ಪಕ್ಕದಲ್ಲಿ ಕುಳಿತವರು ಹೇಳಿಕೊಟ್ಟ ಮೇಲೆ ನನಗೂ ಸ್ವಲ್ಪ ಅರ್ಥವಾಯಿತು. ಆ ಏರುವ ಗೆರೆಯೊಳಗೆ ನಾನೂ ಒಬ್ಬ ಇದ್ದೇನಂತೆ. ಎಷ್ಟು ಕಣ್ಣು ಕಿರಿದು ಮಾಡಿ ನೋಡಿದರೂ ನಾನು ಎಲ್ಲಿದ್ದೇನೆಂದು ಕಾಣಲಿಲ್ಲ. ಅದಕ್ಕೇ ಇರಬೇಕು, ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ.

ನಿರೂಪಣೆ ಮಾಡುತ್ತಿರುವ ಹೆಣ್ಣುಮಗಳು ನನ್ನನ್ನು ‘ಕ್ಯಾನ್ಸರನ್ನು ಸೋಲಿಸಿದ ವೀರ’ ಎಂದು ಕರೆದಳು. ಅವಳ ಬಾಯಿಗೆ ಸಕ್ಕರೆ ಬೀಳಲಿ. ಆದರೆ ಸಭಿಕರೇ, ಸೋಲಿಸಿದವನು ನಾನಲ್ಲ. ಆ ಹೊತ್ತಿನಲ್ಲಿ ನಾನು ಪ್ರಜ್ಞೆ ಇಲ್ಲದೆ ಮಲಗಿದ್ದೆ. ಸೋಲಿಸಿದವರಲ್ಲಿ ಇಬ್ಬರು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ, ಚಪ್ಪಾಳೆ ಅವರಿಗೆ ಸಲ್ಲಬೇಕು.

ನನ್ನ ಹೆಸರು ಸಗಿನಾಲಿ. ನಾರಿನ್ ಕಡೆಯವನು. ಕರಾ-ಬೆಲ್ ಘಾಟಿಯ ರಸ್ತೆಯಲ್ಲಿ ಹಿಮ ತಳ್ಳುವ ಬುಲ್ಡೋಜರ್ ಓಡಿಸಿಕೊಂಡು ಬದುಕಿದವನು. ಘಾಟಿಯ ತುದಿಯಲ್ಲಿ ನಮಗೊಂದು ಕೋಣೆ ಇತ್ತು. ಒಂದು ಒಲೆ, ಒಂದು ಮಂಚ, ಒಂದು ರೇಡಿಯೊ. ಗಾಳಿ ಜೋರಾದಾಗ ರೇಡಿಯೊ ಕೂಡ ಮಾತು ನಿಲ್ಲಿಸುತ್ತಿತ್ತು. ಚಳಿಗಾಲದಲ್ಲಿ ಕೆಲವೊಮ್ಮೆ ವಾರಗಟ್ಟಲೆ ನನ್ನ ಯಂತ್ರದ ಜೊತೆಗೇ ಮಾತನಾಡಿದ್ದುಂಟು. ಕೆಳಗಿಳಿದು ಬಂದಾಗ ಹೆಂಡತಿ ಬುರುಲ್ಚಾ, “ಏ ಮುದುಕಾ, ಮೆಲ್ಲಗೆ ಮಾತಾಡು, ನಾನೇನು ಡೀಸೆಲ್ ಎಂಜಿನ್ ಅಲ್ಲ” ಎನ್ನುತ್ತಿದ್ದಳು. ನನಗೆ ಮೂವತ್ತು ತುಂಬುವ ಮೊದಲೇ ಅವಳು ನನ್ನನ್ನು ಮುದುಕಾ ಎಂದು ಕರೆಯಲು ಶುರುಮಾಡಿದ್ದಳು. ಒಂಟಿತನ ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿದೆ ಎಂದೇ ಆಗ ನಾನು ತಿಳಿದಿದ್ದೆ. ಗೊತ್ತಿತ್ತೇ? ಇಲ್ಲ, ನನಗೆ ಏನೂ ಗೊತ್ತಿರಲಿಲ್ಲ.

ಮೊದಲು ರೊಟ್ಟಿ ಗಂಟಲಿಗೆ ಅಡ್ಡ ನಿಂತಿತು. ನೀರು ಕುಡಿದು ಇಳಿಸಿದೆ. ಆಮೇಲೆ ಮಾಂಸ ನಿಂತಿತು. ಅಗಿದು ಅಗಿದು ನುಂಗಿದೆ. ಕೊನೆಗೆ ಸಾರಿನಲ್ಲಿ ಬೆಂದ ಶಾವಿಗೆ ಕೂಡ ಎದೆಯ ನಡುವೆ ಕುಳಿತು, ಕೆಳಗೆ ಇಳಿಯಲೂ ಇಲ್ಲ, ಮೇಲೆ ಬರಲೂ ಇಲ್ಲ. ನಮ್ಮೂರಿನ ವೈದ್ಯರು ಇಲ್ಲಿಗೆ ಕಳಿಸಿದರು. ನನ್ನ ಅಣ್ಣ ಶೆರ್ಗಾಜಿ ಜೊತೆಗೆ ಬಂದ. ಇದು ನನಗೆ ಮೊದಲ ಆಶ್ಚರ್ಯ. ಒಂದು ಹುಲ್ಲುಗಾವಲಿನ ಗಡಿಯ ವಿಷಯಕ್ಕೆ ನಾವಿಬ್ಬರೂ ಎಷ್ಟೋ ವರ್ಷಗಳಿಂದ ಸರಿಯಾಗಿ ಮಾತನಾಡುತ್ತಿರಲಿಲ್ಲ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ವೈದ್ಯರು ಅಣ್ಣನನ್ನು ಹೊರಗೆ ಕರೆದರು. ನಾನು ಒಳಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕುಳಿತಿದ್ದೆ. ಗಾಜಿನ ಬಾಗಿಲಿನಾಚೆ ಅಣ್ಣ ಟೋಪಿ ತೆಗೆದು ಎದೆಗೆ ಒತ್ತಿಕೊಂಡದ್ದು ಕಂಡಿತು. ಒಳಗೆ ಬಂದವನೇ ನಕ್ಕ.

“ಏನೂ ಇಲ್ಲ ಕಣೋ. ಹುಣ್ಣು. ಕರೆಂಟಿನ ಯಂತ್ರದಲ್ಲಿ ಸುಟ್ಟು ವಾಸಿ ಮಾಡ್ತಾರಂತೆ.”

“ಇಷ್ಟು ದೂರ ಬಂದು ಹುಣ್ಣಾ?”

“ಆ ಯಂತ್ರ ಇಲ್ಲಿ ಮಾತ್ರ ಇದೆಯಂತೆ. ನೀನ್ಯಾಕೆ ತಲೆ ಕೆಡಿಸ್ಕೋತೀಯ?”

ಆಸ್ಪತ್ರೆಯ ಬೋರ್ಡು ಓದಲು ನಿನಗೆ ಬರುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಬರುತ್ತಿತ್ತು, ಓದಿದ್ದೆ ಕೂಡ. ಆದರೆ ಬೋರ್ಡು ಒಂದು ಮಾತು ಹೇಳುವಾಗ ಸ್ವಂತ ಅಣ್ಣ ಇನ್ನೊಂದು ಹೇಳಿದರೆ ಮನುಷ್ಯ ಯಾರನ್ನು ನಂಬುತ್ತಾನೆ?

ಆ ದಿನದಿಂದ ನನಗೆ ಎಲ್ಲರ ಪ್ರೀತಿ ಶುರುವಾಯಿತು. ನಗಬೇಡಿ, ಅದರಷ್ಟು ಭಯಂಕರವಾದದ್ದನ್ನು ನಾನು ಘಾಟಿಯ ಮೇಲೂ ಕಂಡಿರಲಿಲ್ಲ. ಅಣ್ಣ ಬಂದಾಗಲೆಲ್ಲ ಹುಳಿ ಬರಿಸಿದ ಕುದುರೆ ಹಾಲು ತಂದ. ಹುಲ್ಲುಗಾವಲಿನ ಮಾತು ತೆಗೆದರೆ, “ನೀನು ಹೇಳಿದ್ದೇ ಸರಿ ಬಿಡು” ಎಂದ. ಮಗಳು ಜಿಬೆಕ್ ಕರಾಕೋಲ್‌ನಿಂದ ಫೋನ್ ಮಾಡಿ ಹವಾಮಾನದ ಬಗ್ಗೆ ಮಾತನಾಡಿದಳು, ಮತ್ತೆ ಹವಾಮಾನದ ಬಗ್ಗೆಯೇ ಮಾತನಾಡಿದಳು. ಬುರುಲ್ಚಾ ನನ್ನನ್ನು ಮುದುಕಾ ಎನ್ನುವುದನ್ನು ಬಿಟ್ಟು ‘ಜಿಬೆಕ್ ಅಪ್ಪ’ ಎನ್ನತೊಡಗಿದಳು. ನಾನು ಬೇಕೆಂದೇ ಜಗಳ ತೆಗೆದೆ. ಸಾರಿಗೆ ಉಪ್ಪಿಲ್ಲ ಎಂದೆ, ಹಾಕಿ ತಂದಳು. ಉಪ್ಪು ಹೆಚ್ಚಾಯಿತು ಎಂದೆ. ಬೇರೆ ಮಾಡಿ ತರುತ್ತೇನೆ ಎಂದಳು. ಅವಳ ಜೊತೆ ನಾನು ಸಂಸಾರ ಮಾಡಿದ್ದೇ ಎದುರುಮಾತಿನ ಮೇಲೆ. ಎದುರುಮಾತೇ ಇಲ್ಲದ ಮೇಲೆ ಮಾತನಾಡುವುದಾದರೂ ಯಾರ ಜೊತೆ? ಮಂಚದ ಸುತ್ತ ಜನ ತುಂಬಿರುತ್ತಿದ್ದರು. ನಾನು ಮಾತ್ರ ಗಾಜಿನಾಚೆ ಇದ್ದಂತೆ ಇರುತ್ತಿದ್ದೆ.

ನನ್ನ ಪಕ್ಕದ ಮಂಚದಲ್ಲಿ ಕಚ್ಕಿನ್ ಎಂಬ ಕುದುರೆ ವ್ಯಾಪಾರಿ ಇದ್ದ. ವಾರ್ಡಿನ ಹುಲಿ. ಅವನಿಗೂ ಹುಣ್ಣು, ಎದುರಿನವನಿಗೂ ಹುಣ್ಣು, ಕಿಟಕಿಯ ಹತ್ತಿರದ ಮೇಷ್ಟರಿಗೂ ಹುಣ್ಣು.

“ಏನ್ ಕಾಲ ಬಂತು ನೋಡು ಸಗಿನಾಲಿ,” ಎನ್ನುತ್ತಿದ್ದ. “ಇಷ್ಟು ದೊಡ್ಡ ಆಸ್ಪತ್ರೇಲಿ ಒಬ್ಬನಿಗೂ ಮರ್ಯಾದೆಯ ಕಾಯಿಲೆ ಇಲ್ಲ.”

ಒಂದು ದಿನ ಅವನ ಮಗ ಹೊಸ ಟೋಪಿ ತಂದುಕೊಟ್ಟು ಹೋದ. ಬಿಳಿ ಉಣ್ಣೆಯ, ಕಪ್ಪು ಕಸೂತಿಯ ಒಳ್ಳೆಯ ಟೋಪಿ. ಕಚ್ಕಿನ್ ಅದನ್ನು ಮೊಣಕಾಲಿನ ಮೇಲಿಟ್ಟು ಬಹಳ ಹೊತ್ತು ನೋಡಿದ.

“ಈ ನನ್ಮಗ ಹುಟ್ಟಿದಾಗಿನಿಂದ ನಂಗೆ ಒಂದು ಜೊತೆ ಕಾಲುಚೀಲ ತಂದವನಲ್ಲ. ನಾನು ಸಾಯ್ತಿದೀನೇನೋ?”

“ಟೋಪಿ ತಂದರೆ ಸಾಯ್ತಾರಾ? ಹಾಕ್ಕೊಂಡು ಸುಮ್ನಿರು.”

ಅವನು ಹಾಕಿಕೊಂಡ. ಇಬ್ಬರೂ ನಕ್ಕೆವು. ಆ ವಿಷಯ ಮತ್ತೆ ನಮ್ಮ ಬಾಯಿಗೆ ಬರಲಿಲ್ಲ.

ಕರೆಂಟಿನ ಚಿಕಿತ್ಸೆ ಮುಗಿಯುವ ಹೊತ್ತಿಗೆ ನಮ್ಮ ಗಂಟಲುಗಳು ತೆರೆದವು. ಊಟ ಇಳಿಯತೊಡಗಿತು. ಕಚ್ಕಿನ್ ಆಸ್ಪತ್ರೆಯ ಗೇಟಿನಲ್ಲಿ ನಿಂತು, ಒಂದು ಇಡೀ ರೊಟ್ಟಿಯನ್ನು ನಮ್ಮೆಲ್ಲರಿಗೂ ತೋರಿಸುತ್ತ ತಿಂದು, ಕೈಬೀಸಿ ಮಗನ ಕಾರು ಹತ್ತಿದ. ಸ್ವಲ್ಪ ಕಾಲ ಬಿಟ್ಟು ಶಸ್ತ್ರಚಿಕಿತ್ಸೆಗೆ ಬರಬೇಕೆಂದು ಅವನಿಗೆ ಹೇಳಿದ್ದರು. ಆದರೆ ವಾಸಿಯಾದ ಹುಣ್ಣಿಗೆ ಎದೆ ಕೊಯ್ಯಿಸಿಕೊಳ್ಳಲು ಯಾರು ಬರುತ್ತಾರೆ? ಅವನು ಬರಲಿಲ್ಲ. ಮುಂದಿನ ವಸಂತದಲ್ಲಿ ಅವನನ್ನು ಎತ್ತಿಕೊಂಡು ಬಂದಾಗ ಕೊಯ್ಯುವುದಕ್ಕೆ ಏನೂ ಉಳಿದಿರಲಿಲ್ಲ.

ನಾನೂ ಬರುವವನಾಗಿರಲಿಲ್ಲ. ಇದನ್ನು ಇಲ್ಲಿರುವ ಅತಿಥಿಗಳು ದಯವಿಟ್ಟು ಮನಸ್ಸಿಗೆ ತಂದುಕೊಳ್ಳಬೇಕು. ಘಾಟಿಯಲ್ಲಿ ಹಿಮ ಬೀಳಲು ಶುರುವಾಗಿತ್ತು. ನನ್ನ ಯಂತ್ರವನ್ನು ಇನ್ನೊಬ್ಬ ಮುಟ್ಟುವ ಮೊದಲು ಹೋಗಬೇಕೆಂದು ಚೀಲ ಕಟ್ಟಿಕೊಂಡು, ಕೆಳಗಡೆ ಕೋಟು ತೂಗುಹಾಕುವ ಕೋಣೆಯಲ್ಲಿ ಬೂಟು ಹಾಕಿಕೊಳ್ಳುತ್ತಿದ್ದೆ. ಆಗ ಡಾಕ್ಟರ್ ಐಚುರೋಕ್ ಬಂದು ನನ್ನ ಪಕ್ಕದ ಬೆಂಚಿನ ಮೇಲೆ ಕುಳಿತರು. ಆಗಿನ್ನೂ ಹೊಸಬರು, ನನ್ನ ಮಗಳ ವಯಸ್ಸು. ಅರ್ಧ ಚಿಕಿತ್ಸೆ ಮುಗಿಸಿ ಹೋದವರು ಯಾಕೆ ತಿರುಗಿ ಬರುತ್ತಿಲ್ಲ ಎಂಬುದನ್ನು ತಿಳಿಯಲು ಅವರು ಒಂದು ಅಧ್ಯಯನ ಶುರುಮಾಡಿದ್ದರು. ರೋಗಿಗಳನ್ನೇ ಕೇಳಬೇಕೆಂಬುದು ಅವರ ಹಟ. ಅದಕ್ಕೂ ಮೊದಲು ಎಲ್ಲರೂ ನಮ್ಮ ಅಣ್ಣಂದಿರನ್ನು ಕೇಳುತ್ತಿದ್ದರು, ಗಂಡಂದಿರನ್ನು ಕೇಳುತ್ತಿದ್ದರು, ಮಕ್ಕಳನ್ನು ಕೇಳುತ್ತಿದ್ದರು.

“ಸಗಿನಾಲಿ ಅಣ್ಣ, ನಿಮ್ಮ ಕಾಯಿಲೆ ಏನು ಅಂತ ನಿಮಗೆ ಹೇಳಿದಾರೆ?”

“ಹುಣ್ಣು.”

“ಅಷ್ಟು ಸಾಕಾ ನಿಮಗೆ? ಇನ್ನೂ ತಿಳ್ಕೋಬೇಕು ಅನ್ಸತ್ತಾ?”

ನಾನು ಕಟ್ಟಿದ ಬೂಟಿನ ದಾರವನ್ನು ಮತ್ತೆ ಬಿಚ್ಚಿದೆ.

“ಬೇಡ ಅಂದ್ರೆ ಬೇಡ,” ಎಂದರು. “ಬಲವಂತ ಇಲ್ಲ. ಆದ್ರೆ ನೀವು ಕೇಳಿದ್ರೆ ನಾನು ಸುಳ್ಳು ಹೇಳಲ್ಲ.”

“ಹೇಳಿಬಿಡಿ ಡಾಕ್ಟರ್. ನಾನು ಡ್ರೈವರ್. ಮುಂದೆ ರಸ್ತೆ ಇಲ್ಲ ಅಂದ್ರೂ ನಂಗೆ ಗೊತ್ತಿರಬೇಕು.”

ಅವರು ಹೇಳಿದರು. ಹೆಸರು ಹೇಳಿದರು, ಎಲ್ಲಿದೆ ಎಂದು ಹೇಳಿದರು. ಶಸ್ತ್ರಚಿಕಿತ್ಸೆ ಮಾಡಿಸಿದರೆ ಏನಾಗಬಹುದು, ಮಾಡಿಸದಿದ್ದರೆ ಏನಾಗುತ್ತದೆ ಎಂದು ಹೇಳಿದರು. ಹೇಳಿ ಮುಗಿಸಿ ಎದ್ದು ಹೋಗಲಿಲ್ಲ. ಒದ್ದೆ ಕೋಟುಗಳ ನಡುವೆ ನನ್ನ ಪಕ್ಕದಲ್ಲೇ ಕುಳಿತಿದ್ದರು. ರೋಗಿಗಳಿಗೆ ಬೆಂಬಲ, ರೋಗಿಗಳಿಗೆ ಬೆಂಬಲ ಎಂದು ಈಗ ಎಲ್ಲರೂ ಭಾಷಣ ಮಾಡುತ್ತೇವಲ್ಲ, ನನ್ನ ಮಟ್ಟಿಗೆ ಅದು ಶುರುವಾದದ್ದು ಆ ಬೆಂಚಿನ ಮೇಲೆ.

ನನಗೆ ಮೊದಲು ಹೊಳೆದದ್ದು ಸಾವಲ್ಲ. ‘ಓ, ಬುರುಲ್ಚಾ ನನ್ನನ್ನು ಬಯ್ಯುವುದು ನಿಲ್ಲಿಸಿದ್ದು ಇದಕ್ಕೇ’ ಎಂದು ಹೊಳೆಯಿತು. ಸಾವಿನ ಭಯ ಆಮೇಲೆ ಬಸ್ಸಿನಲ್ಲಿ ಬಂತು. ಬಂದು, ಊರು ಮುಟ್ಟುವವರೆಗೂ ಪಕ್ಕದ ಸೀಟಿನಲ್ಲೇ ಕುಳಿತಿತ್ತು.

ನಮ್ಮ ಮುಖ್ಯ ವೈದ್ಯರು ಆಗ ಐಚುರೋಕ್ ಅವರ ಮೇಲೆ ಕೋಪ ಮಾಡಿಕೊಂಡಿದ್ದರು. ಮನೆಯವರ ಒಪ್ಪಿಗೆ ಇಲ್ಲದೆ ಹೇಳಿದ್ದು ಹೇಗೆ ಎಂದು ಕೇಳಿದ್ದರು. ಇವತ್ತು ಅದೇ ಮುಖ್ಯ ವೈದ್ಯರು ಹೊಸದಾಗಿ ಬರುವ ಪ್ರತಿಯೊಬ್ಬ ರೋಗಿಯನ್ನೂ ಮೊದಲು ಅವನ ಬಾಯಿಂದಲೇ ವಿಚಾರಿಸಬೇಕೆಂದು ಆಜ್ಞೆ ಮಾಡಿದ್ದಾರೆ. ಅವರು ನಗುತ್ತಿದ್ದಾರೆ, ಹಾಗಾಗಿ ನಾನು ಧೈರ್ಯವಾಗಿ ಮುಂದುವರಿಸುತ್ತೇನೆ.

ಊರಿಗೆ ಹೋದೆ. ಮನೆಯ ಹಿಂದಿನ ಲಾಯದಲ್ಲಿ ಒಂದು ಹೆಣ್ಣು ಕುದುರೆ ಕಟ್ಟಿತ್ತು. ನಮ್ಮದಲ್ಲ. ಬೆನ್ನು ಅಗಲವಾಗಿ, ಮೈ ಮಿರುಗುತ್ತ, ಕಾಲೂರಿ ನಿಲ್ಲಲೂ ಸೋಮಾರಿತನ ಪಡುವಷ್ಟು ಕೊಬ್ಬಿತ್ತು. ಅಣ್ಣ ಅದಕ್ಕೆ ಬಾರ್ಲಿ ಹಾಕುತ್ತಿದ್ದ.

“ಯಾರದು ಈ ಕುದುರೆ?”

“ನಂದೇ.”

“ಮೇಲೆ ಹತ್ತಿದ ಗುರುತೇ ಇಲ್ಲ ಮೈ ಮೇಲೆ. ಯಾಕೆ ಮೇಯಿಸ್ತಿದೀಯ?”

“ಒಂದು ಊಟ ಇದೆ.”

“ಯಾರ ಮನೇದು?”

ಅಣ್ಣ ಬೆಟ್ಟದ ಕಡೆ ನೋಡಿದ. ನಮ್ಮಲ್ಲಿ ಒಬ್ಬ ಗಂಡಸು ಸತ್ತರೆ ಬಂದವರಿಗೆಲ್ಲ ಕುದುರೆ ಮಾಂಸದ ಊಟ ಹಾಕಬೇಕು, ಬಡಕಲು ಕುದುರೆ ಕೊಯ್ದರೆ ಮನೆತನಕ್ಕೆ ಅವಮಾನ. ಅದನ್ನು ಇಲ್ಲಿ ನಾನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

“ಚೆನ್ನಾಗಿ ಮೇಯಿಸು,” ಎಂದೆ. “ನಂಗೆ ಜನ ಜಾಸ್ತಿ ಬರ್ತಾರೆ. ಘಾಟಿ ಲಾರಿ ಡ್ರೈವರ್‌ಗಳೇ ನೂರು ಜನ ಆಗ್ತಾರೆ.”

ಅಣ್ಣನ ಕೈಯಿಂದ ಬಾರ್ಲಿಯ ಡಬ್ಬ ಬಿತ್ತು. ಅವನು ಲಾಯದ ಗೋಡೆಗೆ ಹಣೆ ಕೊಟ್ಟು ಅತ್ತ. “ನಿಂಗೆ ಯಾರು ಹೇಳಿದ್ದು? ನೀನು ಹೆದರ್ಕೋತೀಯ ಅಂತ ನಾವು...” ಎಂದ. ನಾನು ಅವನ ಬೆನ್ನು ತಟ್ಟಿದೆ. ಸಾಯಬೇಕಾದವನು ಬದುಕಬೇಕಾದವನನ್ನು ಸಮಾಧಾನ ಮಾಡುವುದು ಎಂಥ ವಿಚಿತ್ರ! ಆದರೆ ಆ ಗಳಿಗೆಯಲ್ಲಿ ಎಷ್ಟೋ ದಿನಗಳ ಮೇಲೆ ನನಗೆ ಒಬ್ಬ ಅಣ್ಣ ಸಿಕ್ಕಿದ.

ಬುರುಲ್ಚಾ ಅಡಿಗೆ ಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಗೊತ್ತಾಯ್ತಾ?”

“ಗೊತ್ತಾಯ್ತು.”

“ಗೊತ್ತಾದ ಮೇಲೂ ಆ ತೆಳು ಕೋಟು ಹಾಕ್ಕೊಂಡು ಬಂದಿದೀಯಲ್ಲ, ನಿಂಗೆ ಬುದ್ಧಿ ಇದೆಯಾ ಮುದುಕಾ? ಒಳಗೆ ಬಾ.”

ಸಭಿಕರೇ, ಆ ಒಂದು ಬೈಗುಳಕ್ಕೆ ನಾನು ಎಷ್ಟು ತಿಂಗಳು ಹಸಿದಿದ್ದೆ ಎಂಬುದನ್ನು ಯಾವ ಯಂತ್ರದಲ್ಲಿ ಅಳೆಯುತ್ತೀರಿ?

ಶಸ್ತ್ರಚಿಕಿತ್ಸೆಗೆ ಅವಳೇ ಕರೆತಂದಳು. ಅನ್ನನಾಳದ ಬಹುಭಾಗ ತೆಗೆದು, ಹೊಟ್ಟೆಯನ್ನೇ ಮೇಲಕ್ಕೆಳೆದು ಕುತ್ತಿಗೆಯ ಹತ್ತಿರ ಹೊಲಿದರು. ಈಗ ನನ್ನ ಹೊಟ್ಟೆಯೂ ಹೃದಯವೂ ನೆರೆಮನೆಯವರು. ಹಸಿವೋ ದುಃಖವೋ ಎಂದು ಕೆಲವು ಸಲ ನನಗೇ ತಿಳಿಯುವುದಿಲ್ಲ. ಒಂದು ಸಲಕ್ಕೆ ನಾಲ್ಕು ತುತ್ತು, ಮಲಗುವಾಗ ಬೆನ್ನಿಗೆ ಮೂರು ದಿಂಬು. ಅಂದಹಾಗೆ, ಹೊರಗೆ ನಿಮಗೆಲ್ಲ ಟೀ ಇಟ್ಟಿದ್ದಾರೆ. ದಯವಿಟ್ಟು ಆರಿಸಿ ಕುಡಿಯಿರಿ. ಘಾಟಿಯ ಮೇಲೆ ನಾನು ಕುದಿಯುವ ಟೀಯನ್ನು ಕೆಟಲಿನಿಂದ ಗಂಟಲಿಗೆ ಸುರಿದುಕೊಳ್ಳುತ್ತಿದ್ದೆ. ಅಷ್ಟು ಬಿಸಿಯದ್ದು ಗಂಟಲಿಗೆ ಒಳ್ಳೆಯದಲ್ಲ ಎಂದು ಡಾಕ್ಟರುಗಳು ಹೇಳುತ್ತಾರೆ. ನಮ್ಮವರು ಕೇಳುವುದಿಲ್ಲ. ತಣ್ಣನೆಯ ಟೀ ಕೊಟ್ಟರೆ ನೆಂಟರು ಎದ್ದು ಹೋಗುತ್ತಾರೆ ಎನ್ನುತ್ತಾರೆ. ಹೋಗಲಿ ಬಿಡಿ, ಬದುಕಿದ್ದರೆ ಇನ್ನೊಂದು ದಿನ ಬರುತ್ತಾರೆ.

ಎಲ್ಲಿದ್ದೆ? ಹೌದು, ಮನೆಗೆ ಹೋದದ್ದು. ವಸಂತದಲ್ಲಿ ಮನೆಗೆ ಹೋದೆ. ಬದುಕಿ ಹೋದೆ. ಊರು ಊರೇ ನೋಡಲು ಬಂತು. ಆಗ ಜಿಬೆಕ್‌ಗೆ ಮಗು ಹುಟ್ಟಿತ್ತು. ತೊಟ್ಟಿಲಿಗೆ ಹಾಕುವ ಊಟಕ್ಕೆ ಅಣ್ಣ ಆ ಕುದುರೆಯನ್ನೇ ಕೊಯ್ಯಿಸಿದ. ನನ್ನ ತಿಥಿಯ ಮಾಂಸವನ್ನು ನಾನೇ ತಿಂದೆ. ಎರಡು ತುತ್ತಿಗಿಂತ ಹೆಚ್ಚು ಇಳಿಯಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಬುರುಲ್ಚಾ ಮಾತ್ರ ಪಾತ್ರೆ ತೊಳೆಯಲು ಹೊರಗೆ ಹೋದಳು.

ನಾನು ಹೋಗಿ ಪಕ್ಕದಲ್ಲಿ ನಿಂತೆ. ತಲೆ ಎತ್ತದೆ ಹೇಳಿದಳು.

“ನಿಂಗೆ ಹುಣ್ಣು ಅಂತ ಹೇಳಿದ್ದ ದಿನಗಳಲ್ಲೇ ನಾನು ಅತ್ತು ಮುಗಿಸಿಬಿಟ್ಟೆ. ನಿಂಗೆ ಗೊತ್ತಾಗದ ಹಾಗೆ ದನದ ಕೊಟ್ಟಿಗೇಲಿ ಕೂತು ಪೂರ್ತಿ ಅತ್ತೆ. ನಿನ್ನ ಮಣ್ಣು ಮಾಡಿದೆ, ನಲವತ್ತನೇ ದಿನ ಮಾಡಿದೆ, ವರ್ಷದ್ದೂ ಮಾಡಿದೆ. ಎಲ್ಲಾ ಮನಸ್ಸಲ್ಲೇ. ಈಗ ನೀನು ಬಂದು ಹಿಂಗೆ ಎದುರಿಗೆ ನಿಂತಿದೀಯ.”

“ಬಂದಿದ್ದು ತಪ್ಪಾ?”

“ತಪ್ಪು ಅನ್ನಲಿಲ್ಲ. ಮೂರು ತಿಂಗಳಿಗೊಂದು ಸಲ ಪರೀಕ್ಷೆ ಅಂತಾರೆ. ಮೂರು ತಿಂಗಳಿಗೊಂದು ಸಲ ಮತ್ತೆ ಅಷ್ಟೂ ಮಾಡೋಕೆ ನಂಗೆ ಆಗಲ್ಲ ಮುದುಕಾ. ನನ್ನ ಹತ್ರ ಅಷ್ಟಿಲ್ಲ.”

ಅವಳಲ್ಲಿ ತಪ್ಪು ಹುಡುಕಬೇಡಿ, ಅದಕ್ಕಾಗಿ ನಾನು ಇದನ್ನು ಹೇಳುತ್ತಿಲ್ಲ. ಅವಳು ಒಳ್ಳೆಯ ಹೆಂಗಸು. ನನಗೆ ಹೇಳಬಾರದೆಂದು ಎಲ್ಲರೂ ಸೇರಿ ನಿರ್ಧರಿಸಿದಾಗ, ಅಳುವ ಕೆಲಸವನ್ನು ಒಬ್ಬಳೇ ಮಾಡಬೇಕಾಯಿತಲ್ಲ, ಅವಳ ಜೊತೆ ಕುಳಿತು ಅಳಲು ಅಲ್ಲಿ ಯಾರಿದ್ದರು? ನಾನಿದ್ದೆ. ಆದರೆ ನನಗೆ ಹುಣ್ಣಿತ್ತು.

ಮಗುವನ್ನು ನೋಡಿಕೊಳ್ಳಲು ಕರಾಕೋಲ್‌ಗೆ ಹೋಗುತ್ತೇನೆಂದಳು, ಹೋದಳು, ಅಲ್ಲೇ ಉಳಿದಳು. ಜಗಳವಿಲ್ಲ. ಹಬ್ಬಕ್ಕೆ ಫೋನ್ ಮಾಡುತ್ತೇವೆ. ಅಷ್ಟು ಎತ್ತರದಲ್ಲಿ ನನಗೆ ಉಸಿರು ಸಾಲುವುದಿಲ್ಲವೆಂದು ಘಾಟಿಯ ಕೆಲಸದಿಂದ ನನ್ನನ್ನು ಬಿಡಿಸಿದರು. ಯಂತ್ರವನ್ನು ಒಬ್ಬ ಹೊಸ ಡ್ರೈವರ್ ತೆಗೆದುಕೊಂಡ. ನಾನು ಪರೀಕ್ಷೆಗೆಂದು ಇಲ್ಲಿಗೆ ಬಂದವನು ವಸತಿಗೃಹದಲ್ಲಿ ಇಳಿದೆ. ಆಗ ಅದು ಎರಡೇ ಕೋಣೆ. ಬಿಸಿನೀರಿನ ಬಾಯ್ಲರ್ ಕೆಟ್ಟಿತ್ತು, ರಿಪೇರಿ ಮಾಡಿದೆ. ಆಮೇಲೆ ಕಿಟಕಿ ಸರಿಯಾಗಿ ಮುಚ್ಚುತ್ತಿರಲಿಲ್ಲ, ಅದನ್ನು ಸರಿಮಾಡಿದೆ. ಆಮೇಲೆ ಇನ್ನೇನೋ ಕೆಟ್ಟಿತು. ಹಳೆಯ ಕಟ್ಟಡಗಳಲ್ಲಿ ಒಳ್ಳೆಯ ಗುಣವೆಂದರೆ ಯಾವಾಗಲೂ ಏನಾದರೊಂದು ಕೆಟ್ಟಿರುತ್ತದೆ. ಮುಂದಿನ ಪರೀಕ್ಷೆಯವರೆಗೆ ಇರು ಎಂದರು, ಇದ್ದೆ. ಅದರ ಮುಂದಿನ ಪರೀಕ್ಷೆಯವರೆಗೂ ಇದ್ದೆ.

ಒಂದು ದಿನ ಡಾಕ್ಟರ್ ಐಚುರೋಕ್ ನನ್ನನ್ನು ಕರೆದು, ಅರ್ಧಕ್ಕೆ ಹೋದವರಿಗೆ ಫೋನ್ ಮಾಡುತ್ತೀರಾ ಎಂದು ಕೇಳಿದರು. ಅವರು ಮಾಡಿದರೆ ಮನೆಯವರು ‘ಆಸ್ಪತ್ರೆಯಿಂದ’ ಎಂದು ಕೇಳಿದ ಕೂಡಲೇ ಫೋನ್ ಇಡುತ್ತಿದ್ದರಂತೆ. ನಾನು ಮಾಡತೊಡಗಿದೆ.

ನೆನಪಿರುವ ಒಂದು ಕರೆ ಹೇಳುತ್ತೇನೆ. ತಲಾಸ್ ಕಡೆಯ ಹಳ್ಳಿ. ರೋಗಿಯ ಹೆಸರು ಸಾಯ್ಕಲ್, ಫೋನ್ ಎತ್ತಿಕೊಂಡವನು ಅವಳ ಗಂಡ.

“ಅವಳಿಗೆ ವಾಸಿಯಾಯ್ತು. ತೋಟದಲ್ಲಿ ಬೀನ್ಸ್ ಬಿಡಿಸ್ತಿದಾಳೆ. ಮತ್ತೆ ಫೋನ್ ಮಾಡ್ಬೇಡಿ.”

“ಏನಾಗಿತ್ತು ಅವರಿಗೆ?”

“ಹುಣ್ಣು.”

“ನಂಗೂ ಹುಣ್ಣೇ ಆಗಿತ್ತು ತಮ್ಮಾ.”

ಆ ಕಡೆ ದೂರದಲ್ಲಿ ಕೋಳಿ ಕೂಗುವುದು ಕೇಳುತ್ತಿತ್ತು.

“ನೀವು... ಬದುಕಿದೀರಾ?”

“ಬದುಕಿದೀನಿ. ನಿನ್ನ ಜೊತೆ ಮಾತಾಡ್ತಿದೀನಲ್ಲ.”

“ನಾನು ಅವಳಿಗೆ ಹೇಗೆ ಹೇಳ್ಲಿ ಅಣ್ಣ? ಅವಳು ನಗ್ತಾ ಇದಾಳೆ. ಇವತ್ತು ಬೆಳಿಗ್ಗೆಯಿಂದ ನಗ್ತಾನೇ ಇದಾಳೆ.”

“ನೀನು ಹೇಳ್ಬೇಡ. ಏನು ತಿಳ್ಕೋಬೇಕು ಅನ್ಸತ್ತೆ ಅಂತ ಅವಳನ್ನ ಕೇಳು. ಅಷ್ಟೇ. ಕೇಳಿದ ಮೇಲೆ ಎದ್ದು ಹೋಗ್ಬೇಡ, ಪಕ್ಕದಲ್ಲಿ ಕೂತಿರು.”

ಅವರು ಬಂದರು. ಸಾಯ್ಕಲ್ ಇವತ್ತು ಈ ಸಭೆಯಲ್ಲಿ ಕುಳಿತಿದ್ದಾಳೆ, ಎಲ್ಲಿ ಎಂದು ಹೇಳುವುದಿಲ್ಲ, ನಾಚಿಕೊಳ್ಳುತ್ತಾಳೆ. ಎಲ್ಲ ಕರೆಗಳೂ ಹೀಗೆ ಮುಗಿಯಲಿಲ್ಲ. ‘ಹೋದ ತಿಂಗಳು ಹೋದರು’ ಎಂಬ ಉತ್ತರವೂ ಬಂತು. ಅಂಥ ಮನೆಯವರು ಬೇಗ ಫೋನ್ ಇಡುತ್ತಿರಲಿಲ್ಲ. ಹೋದವರ ಬಗ್ಗೆ ಹೇಳುತ್ತ ಹೋಗುತ್ತಿದ್ದರು, ನಾನು ಕೇಳುತ್ತ ಇರುತ್ತಿದ್ದೆ. ನನಗೂ ಬೇರೆ ಕೆಲಸವಿರಲಿಲ್ಲ.

ಪರದೆಯ ಮೇಲೆ ಏರಿದ ಗೆರೆ ಇದೇ. ಕಾಯಿಲೆಯ ಹೆಸರು ತಿಳಿದವರು ಪೂರ್ತಿ ಚಿಕಿತ್ಸೆಗೆ ತಿರುಗಿ ಬರುತ್ತಾರೆ; ತಂಗಲು ಒಂದು ಮಂಚ, ಕೇಳಲು ಒಂದು ದನಿ ಇದ್ದರೆ ಇನ್ನೂ ಹೆಚ್ಚು ಜನ ಬರುತ್ತಾರೆ. ಇಷ್ಟು ಸಣ್ಣ ವಿಷಯಕ್ಕೆ ಸಂಶೋಧನೆ ಬೇಕಿತ್ತೇ ಎಂದು ಯಾರೋ ಹಿಂದೆ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಬೇಕಿತ್ತು ಸ್ವಾಮಿ. ನಾವೆಲ್ಲ ಪ್ರೀತಿಯಿಂದ ಮಾಡುತ್ತಿದ್ದ ಕೆಲಸ ಅದು. ಪ್ರೀತಿಯಿಂದ ಮಾಡುವ ಕೆಲಸದಲ್ಲಿ ಜನ ಸಾಯುತ್ತಿದ್ದಾರೆ ಎಂದು ತೋರಿಸಿಕೊಡಲು ಗೆರೆಗಳೇ ಬೇಕಾಗುತ್ತವೆ. ಬಾಯಿಮಾತಿನಲ್ಲಿ ಹೇಳಿದರೆ ಯಾರು ಒಪ್ಪುತ್ತಾರೆ?

ಇನ್ನು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಕಳೆದ ವಾರ ಡಾಕ್ಟರ್ ಐಚುರೋಕ್ ನನ್ನನ್ನು ಕೋಣೆಗೆ ಕರೆದು, ಕುರ್ಚಿ ತೋರಿಸಿ, ತಾವು ನಿಂತುಕೊಂಡೇ ಹೇಳಿದರು.

“ಸಗಿನಾಲಿ ಅಣ್ಣ, ಐದು ವರ್ಷ ಆಯ್ತು. ಎಲ್ಲಾ ಸ್ವಚ್ಛವಾಗಿದೆ. ಇನ್ನು ನೀವು ಇಲ್ಲಿಗೆ ಬರಬೇಕಾಗಿಲ್ಲ.”

ಅವರ ಕಣ್ಣು ಹೊಳೆಯುತ್ತಿತ್ತು. ಹೊರಗೆ ದಾದಿಯರು ಕೇಕು ಹಿಡಿದುಕೊಂಡು ಕಾದಿದ್ದರು. ನಾನು ನಕ್ಕೆ, ಎಲ್ಲರ ಕೈ ಕುಲುಕಿದೆ. ವಸತಿಗೃಹಕ್ಕೆ ಬಂದು ನನ್ನ ಮಂಚದ ಮೇಲೆ ಕುಳಿತಾಗ ಗೊತ್ತಾಯಿತು, ಆ ಮಂಚ ಇನ್ನು ನನ್ನದಲ್ಲ. ನಿಯಮ ಸರಿಯಾಗಿಯೇ ಇದೆ, ಅದನ್ನು ಮಾಡಿದ ಸಮಿತಿಯಲ್ಲಿ ನಾನೂ ಇದ್ದೆ. ರೋಗಿಗಳ ಮನೆ ರೋಗಿಗಳಿಗೆ. ಓಶ್‌ನಿಂದ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದು ಹೊರಗೆ ಕಾಯುತ್ತಿದ್ದಳು. ದಿಂಬುಗಳನ್ನು ಕೊಡವಿ ಇಟ್ಟು ಅವರಿಗೆ ಜಾಗ ಬಿಟ್ಟೆ. ಈಗ ಬಾಯ್ಲರ್ ಕೋಣೆಯಲ್ಲಿ ಮಲಗುತ್ತಿದ್ದೇನೆ. ಬೆಚ್ಚಗಿದೆ, ತೊಂದರೆ ಏನಿಲ್ಲ. ಇದನ್ನು ಹೇಳಬೇಕೆಂದುಕೊಂಡಿರಲಿಲ್ಲ, ಬಾಯಿಗೆ ಬಂತು, ಅಧ್ಯಕ್ಷರು ಬೇಸರಪಡಬಾರದು.

ಬುರುಲ್ಚಾಗೆ ಫೋನ್ ಮಾಡಿದೆ. ಹಬ್ಬವಲ್ಲದ ದಿನ ಮಾಡಿದ್ದಕ್ಕೆ ಹೆದರಿದಳು.

“ಏನಾಯ್ತು?”

“ಏನೂ ಆಗಿಲ್ಲ. ಪೂರ್ತಿ ವಾಸಿ ಅಂದ್ರು. ಇನ್ನು ಪರೀಕ್ಷೆನೂ ಇಲ್ಲ.”

ಹಿಂದೆ ಮೊಮ್ಮಗು ಏನೋ ಕೇಳುತ್ತಿತ್ತು, ಅವಳು ಅದನ್ನು ಸುಮ್ಮನಾಗಿಸಿದಳು.

“ಬಾ ಅನ್ನೋಕೆ ನಂಗೆ ಬಾಯಿ ಬರ್ತಿಲ್ಲ,” ಎಂದಳು. “ಬರಬೇಡ ಅಂತನೂ ಅನ್ನಲ್ಲ. ಇಷ್ಟು ವರ್ಷ ಆದ್ಮೇಲೆ ನಿನ್ನ ಎಲ್ಲಿ ಕೂರಿಸ್ಬೇಕು ಅಂತ ನಂಗೆ ಗೊತ್ತಾಗ್ತಿಲ್ಲ. ಇರೋದು ಇದೇ. ಸುಳ್ಳು ಹೇಳಿ ನಂಗೆ ಸಾಕಾಗಿದೆ.”

“ಆಯ್ತು,” ಎಂದೆ. “ಇದನ್ನ ಹೇಳಿದ್ಯಲ್ಲ, ಅಷ್ಟು ಸಾಕು.”

ಈ ಐದು ವರ್ಷಗಳಲ್ಲಿ ನಾನು ಎಷ್ಟೋ ಮನೆಗಳಿಗೆ ಫೋನ್ ಮಾಡಿದ್ದೇನೆ, ಸಿಹಿ ಮಾತುಗಳ ಹಿಂದೆ ಏನಿರುತ್ತದೆಂದು ನನಗೆ ಗೊತ್ತು. ಇವಳ ಮಾತು ಸಿಹಿಯಾಗಿರಲಿಲ್ಲ. ಆದರೆ ಅದರ ಹಿಂದೆ ಬಚ್ಚಿಟ್ಟದ್ದು ಏನೂ ಇರಲಿಲ್ಲ.

ಡಾಕ್ಟರ್ ಐಚುರೋಕ್ ಅವರೇ, ನೀವು ಆಗಲೇ ನಿಮ್ಮ ಮಾತಿನ ಕೊನೆಯಲ್ಲಿ, ಮುಂದಿನ ಅಧ್ಯಯನಕ್ಕೆ ವಿಷಯ ಯೋಚಿಸುತ್ತಿದ್ದೇವೆ ಎಂದಿರಿ. ಅದಕ್ಕೇ ನನ್ನದೊಂದು ಬಿನ್ನಹ. ಸತ್ತವರನ್ನು ನೀವು ಎಣಿಸುತ್ತೀರಿ. ಅರ್ಧಕ್ಕೆ ಹೋದವರನ್ನು ಹುಡುಕಿ ಕರೆತಂದಿರಿ. ಇನ್ನು ಬದುಕಿ ಮನೆಗೆ ಹೋದವರ ಹಿಂದೆ ಒಂದು ಸಲ ಹೋಗಿ. ಅವರನ್ನು ನೀವು ಗೇಟಿನವರೆಗೆ ಬಿಟ್ಟು, ಕೈಬೀಸಿ, ಒಳ್ಳೆಯ ಗೆರೆಯೊಳಗೆ ಸೇರಿಸಿ ಮರೆತುಬಿಡುತ್ತೀರಿ. ಊಟ ಸೇರುತ್ತದೆಯೇ, ನೋವಿದೆಯೇ ಎಂದು ಕೇಳಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ, ಹೋದಾಗ ಬಾಗಿಲು ತೆಗೆದವರು ಯಾರು, ಎಲ್ಲಿ ಕುಳಿತುಕೊಂಡಿರಿ, ಯಾರ ಜೊತೆ ಮಾತನಾಡಿದಿರಿ ಎಂದೂ ಕೇಳಿ. ಕೇಳಿದ ಮೇಲೆ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತಿರಿ. ಅದು ನಿಮಗೆ ಬರುತ್ತದೆ.

ಇವತ್ತು ನೀವೆಲ್ಲ ಸೇರಿ ನನಗೆ ಹೊದಿಸಿದ ಈ ಕಸೂತಿಯ ನಿಲುವಂಗಿಗೆ, ಕೊ​ಟ್ಟ ಊಟಕ್ಕೆ, ಮಂಚಕ್ಕೆ, ಮುಖ್ಯವಾಗಿ ನನ್ನನ್ನು ನನ್ನ ಹೆಸರು ಹಿಡಿದೇ ಕೇಳಿದ ಆ ಮೊದಲ ಪ್ರಶ್ನೆಗೆ ನಾನು ಋಣಿ. ಹಿಂದಿನ ಸಾಲಿನ ನನ್ನ ಬಂಧುಗಳೇ, ನಿಮ್ಮ ಗಂಟಲುಗಳು ತೆರೆಯಲಿ. ನಾಳೆ ಬೆಳಗಿನ ಬಸ್ಸಿಗೆ ನಾನು ಕರಾಕೋಲ್‌ಗೆ ಹೊರಡುತ್ತಿದ್ದೇನೆ. ಡಾಕ್ಟರ್, ಹೊಸ ಅಧ್ಯಯನಕ್ಕೆ ಮೊದಲ ಹೆಸರು ನನ್ನದೇ ಇರಲಿ. ವಿಳಾಸವನ್ನು ಮಾತ್ರ ಈಗ ಕೊಡಲಾರೆ. ಹೋಗಿ ಬಾಗಿಲು ತಟ್ಟಿ ನೋಡಿದ ಮೇಲೆ ತಿಳಿಸುತ್ತೇನೆ.

ಇಷ್ಟು ಹೊತ್ತು ಎದ್ದು ಹೋಗದೆ ನನ್ನ ಜೊತೆ ಕುಳಿತಿದ್ದಿರಿ, ಅದಕ್ಕೆ ನಿಮಗೆಲ್ಲ ನನ್ನ ನಮಸ್ಕಾರ.